ಶಾಶ್ವತ ಸಂಧಿಯ ಆಯುಷ್ಯ: ಅಮೆರಿಕ ಮತ್ತು ಫ್ರಾನ್ಸ್, 1778–1801

ಅಮೆರಿಕದ ಹದಿಮೂರು ಸಂಸ್ಥಾನಗಳು ಇಂಗ್ಲೆಂಡಿನ ಆಧಿಪತ್ಯವನ್ನು ಕಳಚಿಕೊಂಡು ಸ್ವತಂತ್ರವಾದ ವೃತ್ತಾಂತವು ವಾಚಕರಿಗೆ ಸುವಿದಿತವಾದುದೇ. ಆ ಯುದ್ಧದ ಕಥೆಯನ್ನು ಮತ್ತೊಮ್ಮೆ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆ ಯುದ್ಧದ ನಡುವೆ ಹುಟ್ಟಿದ ಒಂದು ಸಂಧಿಪತ್ರವು ಹೇಗೆ ಬದುಕಿತು, ಹೇಗೆ ಅಳಿಯಿತು, ಅಳಿದ ಮೇಲೆ ಅದರ ಋಣವು ಯಾರ ತಲೆಯ ಮೇಲೆ ಬಿದ್ದಿತು ಎಂಬಿಷ್ಟೇ ಇಲ್ಲಿಯ ವಿಷಯ.

1778ನೆಯ ಇಸವಿ ಫೆಬ್ರವರಿ 6ರಂದು ಪ್ಯಾರಿಸ್ ನಗರದಲ್ಲಿ ಎರಡು ಪತ್ರಗಳಿಗೆ ರುಜು ಬಿದ್ದುವು. ಒಂದು ಸ್ನೇಹ ಮತ್ತು ವಾಣಿಜ್ಯಗಳ ಕರಾರು; ಇನ್ನೊಂದು ಯುದ್ಧಸಹಾಯದ ಸಂಧಿ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಪರವಾಗಿ ಜೆರಾರ್ ಎಂಬಾತನೂ, ಅಮೆರಿಕದ ಕಾಂಗ್ರೆಸ್ಸಿನ ಪರವಾಗಿ ಬೆಂಜಮಿನ್ ಫ್ರಾಂಕ್ಲಿನ್, ಸೈಲಸ್ ಡೀನ್, ಆರ್ಥರ್ ಲೀ ಎಂಬ ಮೂವರೂ ರುಜು ಮಾಡಿದರು. ಎರಡನೆಯ ಪತ್ರದಲ್ಲಿ ನಮ್ಮ ವಿಚಾರಕ್ಕೆ ಬೇಕಾದ ವಿಧಿಗಳು ಎರಡು. ಎಂಟನೆಯ ವಿಧಿಯಂತೆ, ಉಭಯರಲ್ಲಿ ಯಾರೂ ಇನ್ನೊಬ್ಬರ ಸಮ್ಮತಿಯಿಲ್ಲದೆ ಇಂಗ್ಲೆಂಡಿನೊಡನೆ ಶಾಂತಿಯನ್ನು ಮಾಡಿಕೊಳ್ಳತಕ್ಕದ್ದಲ್ಲ. ಹನ್ನೊಂದನೆಯ ವಿಧಿಯಂತೆ, ಫ್ರಾನ್ಸು ಅಮೆರಿಕದ ಸ್ವಾತಂತ್ರ್ಯಕ್ಕೂ, ಅಮೆರಿಕವು ಆ ಖಂಡದಲ್ಲಿ ಫ್ರಾನ್ಸಿಗಿದ್ದ ಪ್ರದೇಶಗಳಿಗೂ, ಅಂದರೆ ಮುಖ್ಯವಾಗಿ ವೆಸ್ಟ್ ಇಂಡೀಸಿನ ಸಕ್ಕರೆಯ ದ್ವೀಪಗಳಿಗೂ, ಎಂದೆಂದಿಗೂ ಹೊಣೆಯಾಗತಕ್ಕದ್ದು. ಇಂಗ್ಲೆಂಡಿನ ನೌಕಾಬಲಕ್ಕೆ ಎದುರಾಗಿ ಆ ದ್ವೀಪಗಳನ್ನು ಕಾಯಬಲ್ಲ ನೌಕಾಪಡೆ ಅಂದು ಅಮೆರಿಕಕ್ಕೆ ಇರಲಿಲ್ಲ. ಆದರೂ ‘ಎಂದೆಂದಿಗೂ’ ಎಂಬ ಪದವನ್ನು ಬರೆದರು. ಆಪತ್ತಿನಲ್ಲಿರುವವನು ಬರೆದುಕೊಡುವ ಪತ್ರದಲ್ಲಿ ಅವಧಿಯನ್ನು ಯಾರು ಎಣಿಸುತ್ತಾರೆ?

ಫ್ರಾನ್ಸು ತನ್ನ ಪಾಲಿನದನ್ನು ಸಂಪೂರ್ಣವಾಗಿ ಸಲ್ಲಿಸಿತು. 1781ನೆಯ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶರಣಾಗತವಾದುದಕ್ಕೆ ವಾಷಿಂಗ್ಟನ್ನನ ಸ್ಥೈರ್ಯವು ಎಷ್ಟು ಕಾರಣವೋ, ಸಮುದ್ರಮುಖವನ್ನು ಕಟ್ಟಿ ನಿಂತ ದ ಗ್ರಾಸ್ಸನ ನೌಕಾಬಲವೂ ರೋಷಾಂಬೋವಿನ ಪದಾತಿಗಳೂ ಅಷ್ಟೇ ಕಾರಣ. ಅಮೆರಿಕದವರಾದರೋ ಮರುವರ್ಷ ನವೆಂಬರ್ 30ರಂದು ಫ್ರಾನ್ಸಿನ ಮಂತ್ರಿ ವೆರ್ಜೆನ್ನನೊಡನೆ ಸಮಾಲೋಚಿಸದೆಯೇ ಇಂಗ್ಲೆಂಡಿನೊಡನೆ ಶಾಂತಿಯ ಕರಡಿಗೆ ರುಜು ಹಾಕಿದರು. ಫ್ರಾನ್ಸಿಗೂ ಇಂಗ್ಲೆಂಡಿಗೂ ಒಪ್ಪಂದವಾಗುವವರೆಗೆ ಇದು ಜಾರಿಗೆ ಬರತಕ್ಕದ್ದಲ್ಲವೆಂದು ಅದರಲ್ಲಿ ಒಂದು ಮಾತನ್ನು ಸೇರಿಸಿದ್ದುದರಿಂದ ಎಂಟನೆಯ ವಿಧಿಯ ಅಕ್ಷರವು ಉಳಿಯಿತು. ಅದರ ಆಶಯವು ಉಳಿಯಿತೆಂದು ಹೇಳುವುದು ಕಷ್ಟ. ವೆರ್ಜೆನ್ ಆಕ್ಷೇಪಿಸಿದಾಗ ಫ್ರಾಂಕ್ಲಿನ್ ಮರ್ಯಾದೆಯಲ್ಲಿ ಲೋಪವಾಯಿತೆಂದು ಒಪ್ಪಿಕೊಂಡನು. ಅದರೊಡನೆಯೇ ಸಾಲವನ್ನೂ ಕೇಳಿದನು. ಅರುವತ್ತು ಲಕ್ಷ ಲೀವ್ರ್ ಸಾಲವು ದೊರೆಯಿತು. ಫ್ರಾಂಕ್ಲಿನ್ನನ ಚಾತುರ್ಯವನ್ನು ಮೆಚ್ಚದಿರುವುದು ಅಸಾಧ್ಯ. ಒಳಗೊಳಗೇ ಸಂಕೋಚಪಡದಿರುವುದೂ ಅಸಾಧ್ಯ.

ಇಲ್ಲಿ ಒಂದು ಪ್ರಾಸಂಗಿಕ ವಿಷಯ. ಇದೇ ಯುದ್ಧದ ಇನ್ನೊಂದು ಕೊನೆಯು ನಮ್ಮ ಕರಾವಳಿಯಲ್ಲಿದ್ದಿತು. ಫ್ರೆಂಚರ ವಶದಲ್ಲಿದ್ದ ಮಾಹೆಯನ್ನು ಆಂಗ್ಲೇಯರು 1779ರಲ್ಲಿ ಹಿಡಿದುದು ಹೈದರಾಲಿಯ ಕೋಪಕ್ಕೆ ಒಂದು ಕಾರಣವಾಯಿತು. ಮರುವರ್ಷ ಮೈಸೂರಿನ ಎರಡನೆಯ ಯುದ್ಧವು ಹೊತ್ತಿತು. ಅವನ ಹೆಸರು ಅಟ್ಲಾಂಟಿಕ್ ಸಾಗರವನ್ನೂ ದಾಟಿತ್ತು: 1782ನೆಯ ಏಪ್ರಿಲಿನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಆಂಗ್ಲ ನೌಕೆಯನ್ನು ಸೋಲಿಸಿದ ಪೆನ್ಸಿಲ್ವೇನಿಯದ ಹಡಗಿಗೆ ‘ಹೈದರ್ ಆಲಿ’ ಎಂದೇ ನಾಮಕರಣವಾಗಿತ್ತು. ಮರುವರ್ಷ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಯುರೋಪಿನಲ್ಲಿ ಶಾಂತಿಯಾದ ವಾರ್ತೆಯು ಬಂದಿತು. ಅವನ ಪಾಳೆಯದಲ್ಲಿದ್ದ ಫ್ರೆಂಚ್ ಪಡೆಯು ಯುದ್ಧದಿಂದ ಹಿಂದೆಗೆಯಿತು. ಪ್ಯಾರಿಸ್ಸಿನಲ್ಲಿ ಅಮೆರಿಕದವರಿಂದ ಫ್ರೆಂಚರು ಅನುಭವಿಸಿದುದನ್ನು ಮಂಗಳೂರಿನಲ್ಲಿ ಫ್ರೆಂಚರಿಂದ ಟಿಪ್ಪುವು ಅನುಭವಿಸಿದನು. ಅವನು ಒಬ್ಬನೇ ಮುತ್ತಿಗೆಯನ್ನು ಮುಗಿಸಿ 1784ನೆಯ ಮಾರ್ಚ್ 11ರಂದು ತನ್ನ ಸಂಧಿಯನ್ನು ತಾನೇ ಮಾಡಿಕೊಂಡನು. ಇರಲಿ, ಪ್ರಕೃತಕ್ಕೆ ಬರೋಣ.

ಮುಂದಿನ ಹತ್ತು ವರ್ಷಗಳಲ್ಲಿ ಸಂಧಿಯ ಎರಡು ಪಕ್ಷಗಳೂ ರೂಪಾಂತರವನ್ನು ಹೊಂದಿದುವು. ಅಮೆರಿಕದ ಸಂಸ್ಥಾನಗಳು 1787ರಲ್ಲಿ ಹೊಸ ರಾಜ್ಯಾಂಗವನ್ನು ರಚಿಸಿಕೊಂಡುವು. 1789ರಲ್ಲಿ ವಾಷಿಂಗ್ಟನ್ ಅಧ್ಯಕ್ಷನಾದನು. ಅದೇ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯು ತಲೆದೋರಿತು. 1793ನೆಯ ಜನವರಿ 21ರಂದು ಲೂಯಿಯ ಶಿರಚ್ಛೇದವಾಯಿತು. ಫೆಬ್ರವರಿ 1ರಂದು ಫ್ರಾನ್ಸಿನ ಗಣರಾಜ್ಯವು ಇಂಗ್ಲೆಂಡಿನ ಮೇಲೆ ಯುದ್ಧವನ್ನು ಸಾರಿತು. ಈ ವಾರ್ತೆಯು ಏಪ್ರಿಲಿನಲ್ಲಿ ಅಮೆರಿಕಕ್ಕೆ ತಲಪಿತು. ಮೌಂಟ್ ವರ್ನನ್ನಿನಲ್ಲಿದ್ದ ವಾಷಿಂಗ್ಟನ್ ಅಂದಿನ ರಾಜಧಾನಿಯಾದ ಫಿಲಡೆಲ್ಫಿಯಕ್ಕೆ ಧಾವಿಸಿ ಏಪ್ರಿಲ್ 18ರಂದು ತನ್ನ ಸಚಿವರಿಗೆ ಹದಿಮೂರು ಪ್ರಶ್ನೆಗಳನ್ನು ಕಳುಹಿಸಿದನು. ಅವುಗಳಲ್ಲೆಲ್ಲ ಮರ್ಮದ ಪ್ರಶ್ನೆಯೆಂದರೆ ಇದು: ದೊರೆಯೊಡನೆ ಮಾಡಿದ ಸಂಧಿಯು ದೊರೆಯ ತಲೆ ಉರುಳಿದ ಮೇಲೆಯೂ ಬಂಧಕವೇ? ಹೊಸ ಗಣರಾಜ್ಯದ ರಾಯಭಾರಿಯನ್ನು ನಿರ್ಬಾಧವಾಗಿ ಸ್ವೀಕರಿಸಬಹುದೇ, ಅಥವಾ ಸಂಧಿಯ ವಿಷಯವು ವಿಚಾರಾಧೀನವೆಂದು ಹೇಳಿ ಸ್ವೀಕರಿಸಬೇಕೇ?

ನಮ್ಮ ಅರ್ಥಶಾಸ್ತ್ರದ ಅಭ್ಯಾಸವುಳ್ಳವರಿಗೆ ಈ ಪ್ರಶ್ನೆಯ ತೊಡಕು ಒಡನೆಯೇ ಕಾಣುತ್ತದೆ. ಕೌಟಿಲ್ಯನ ಸಪ್ತಪ್ರಕೃತಿಗಳಲ್ಲಿ ಸ್ವಾಮಿಯೇ ಮೊದಲನೆಯವನು. ಷಾಡ್ಗುಣ್ಯದ ಪ್ರಯೋಗವೆಲ್ಲ ವಿಜಿಗೀಷುವಾದ ರಾಜನನ್ನು ಕೇಂದ್ರದಲ್ಲಿಟ್ಟುಕೊಂಡೇ ಹೇಳಲ್ಪಟ್ಟಿದೆ. ಜನಪದವೇ ಸ್ವಾಮಿಯನ್ನು ಕೊಂದು ತಾನೇ ಸ್ವಾಮಿಯ ಸ್ಥಾನದಲ್ಲಿ ಕುಳಿತಾಗ ಹಿಂದಿನ ಪಣಬಂಧದ ಗತಿಯೇನು? ಈ ಪ್ರಶ್ನೆಗೆ ಸಿದ್ಧವಾದ ಉತ್ತರವು ಅಲ್ಲಿ ದೊರೆಯುವುದಿಲ್ಲ. ಯುರೋಪಿನ ಶಾಸ್ತ್ರಕಾರರಲ್ಲಿಯೂ ಉತ್ತರವು ಏಕರೂಪವಾಗಿರಲಿಲ್ಲ.

ಅರ್ಥಸಚಿವನಾದ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನ ಪಕ್ಷವು ಹೀಗೆ: ತನ್ನ ಪ್ರಭುತ್ವವನ್ನು ಬದಲಾಯಿಸಿಕೊಳ್ಳುವ ಹಕ್ಕು ಪ್ರತಿಯೊಂದು ಜನಾಂಗಕ್ಕೂ ಉಂಟು, ಆದರೆ ಆ ಬದಲಾವಣೆಯ ಫಲವನ್ನು ಮಿತ್ರನೂ ನಿರ್ವಾಹವಿಲ್ಲದೆ ಹೊರಬೇಕೆಂದು ವಿಧಿಸುವ ಹಕ್ಕಿಲ್ಲ. ಬದಲಾವಣೆಯಿಂದ ಸಂಧಿಯು ಅಪಾಯಕರವಾದರೆ ಅದನ್ನು ತಡೆಹಿಡಿಯಬಹುದು, ತ್ಯಜಿಸಲೂಬಹುದು. ಮೇಲಾಗಿ ಇದು ಆತ್ಮರಕ್ಷಣೆಯ ಸಂಧಿ. ಯುದ್ಧವನ್ನು ಮೊದಲು ಸಾರಿದವರು ಫ್ರೆಂಚರು. ಇದಕ್ಕೆ ಅವನು ಆಧಾರವಾಗಿ ಹಿಡಿದುದು ಸ್ವಿಸ್ ಶಾಸ್ತ್ರಜ್ಞನಾದ ವಾಟೆಲನ ವಾಕ್ಯವನ್ನು.

ಪರರಾಷ್ಟ್ರಸಚಿವನಾದ ತಾಮಸ್ ಜೆಫರ್ಸನ್ ಏಪ್ರಿಲ್ 28ರಂದು ಕೊಟ್ಟ ಉತ್ತರವು ಪಂಡಿತರು ಓದಿ ಸಂತೋಷಪಡಬೇಕಾದ ಬರೆಹ. ಕರಾರು ಆದುದು ಲೂಯಿ ಎಂಬ ವ್ಯಕ್ತಿಗೂ ಅಮೆರಿಕಕ್ಕೂ ಅಲ್ಲ, ಎರಡು ಜನಾಂಗಗಳಿಗೆ. ಎರಡು ಜನಾಂಗಗಳೂ ಜೀವಂತವಾಗಿವೆ. ಅಂದಿನಿಂದ ಎರಡೂ ತಮ್ಮ ಪ್ರಭುತ್ವಗಳನ್ನು ಬದಲಾಯಿಸಿಕೊಂಡಿವೆ. ಬದಲಾವಣೆಯೇ ಸಂಧಿಯನ್ನು ಕೊಲ್ಲುವುದಾದರೆ ಅಮೆರಿಕದ ಹೊಸ ರಾಜ್ಯಾಂಗವೇ ಅದನ್ನು ಮೊದಲು ಕೊಂದಿರಬೇಕಾಗಿತ್ತು! ಅಪಾಯದ ಕಾರಣದಿಂದ ಕರಾರನ್ನು ಬಿಡಬಹುದೆಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ಆ ಅಪಾಯವು ದೊಡ್ಡದಾಗಿರಬೇಕು, ತಪ್ಪಿಸಲಾಗದುದಾಗಿರಬೇಕು, ಕಣ್ಣೆದುರಿಗೆ ಬಂದುದಾಗಿರಬೇಕು. ಬರಬಹುದೆಂಬ ಊಹೆ ಸಾಲದು. ಅನಂತರ ಅವನು ಗ್ರೋಷಿಯಸ್, ಪುಫೆಂಡಾರ್ಫ್, ವೋಲ್ಫ್, ವಾಟೆಲ್ ಎಂಬ ನಾಲ್ವರ ವಾಕ್ಯಗಳನ್ನು ನಾಲ್ಕು ಕಂಬಗಳಲ್ಲಿ ಪಕ್ಕಪಕ್ಕಕ್ಕೆ ಬರೆದಿಟ್ಟನು. ಸಂಧಿಯು ನಿಷ್ಪ್ರಯೋಜಕವೋ, ಅಪಾಯಕರವೋ, ಅಪ್ರಿಯವೋ ಆದರೆ ಬಿಡಬಹುದೆಂಬ ಮಾತು ವಾಟೆಲನೊಬ್ಬನಲ್ಲಿ ಮಾತ್ರ ಇದೆ, ಉಳಿದ ಮೂವರಲ್ಲಿ ಇಲ್ಲ, ವಾಟೆಲನ ಇತರ ವಾಕ್ಯಗಳಿಗೂ ಅದು ವಿರುದ್ಧವಾಗಿದೆ ಎಂದು ತೋರಿಸಿದನು. ಅನೇಕ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದರಲ್ಲಿ ಮಾತ್ರ ಕಾಣುವ ಪಾಠವನ್ನು ಶಂಕಿಸುವ ಸಂಪಾದಕನ ಕ್ರಮವೇ ಇದು. ‘ಅಪ್ರಿಯ’ ಎಂಬ ಒಂದು ಪದವನ್ನು ಒಪ್ಪಿಕೊಂಡರೆ ಲೋಕದಲ್ಲಿ ಯಾವ ಮಾತು ನಿಂತೀತು?

ಸಂಧಿಯು ಯಾವುದರ ಮೇಲೆ ನಿಲ್ಲುತ್ತದೆಂಬ ವಿಚಾರದಲ್ಲಿ ಕೌಟಿಲ್ಯನಿಗೂ ಪೂರ್ವಾಚಾರ್ಯರಿಗೂ ಇದ್ದ ಭೇದವು ಇಲ್ಲಿ ಸ್ಮರಣೀಯವಾಗಿದೆ. ಸತ್ಯ ಶಪಥಗಳನ್ನು ನಂಬಿದ ಸಂಧಿಯು ಚಂಚಲ, ಜಾಮೀನನ್ನೋ ಒತ್ತೆಯನ್ನೋ ಪಡೆದ ಸಂಧಿಯು ಸ್ಥಿರ ಎಂದು ಆಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪದೆ, ಸತ್ಯ ಶಪಥಗಳೇ ಇಹಪರಗಳೆರಡರಲ್ಲಿಯೂ ಸ್ಥಿರ, ಜಾಮೀನು ಒತ್ತೆಗಳು ಇಹಕ್ಕಷ್ಟೇ ಎನ್ನುತ್ತಾನೆ. ಕುಟಿಲನೆಂದು ಲೋಕವು ಆಡಿಕೊಳ್ಳುವವನ ಬಾಯಿಂದ ಈ ಮಾತು ಬಂದಿದೆಯೆಂಬುದನ್ನು ಮರೆಯಬಾರದು. ಯಾರ್ಕ್‌ಟೌನಿನಲ್ಲಿ ಸೋತ ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದು ಸಂಧಿ ಮಾಡಿದ್ದನು. ಆ ಸಂಧಿಯು ಏಳು ವರ್ಷ ಮಾತ್ರ ನಿಂತಿತು. ಅಮೆರಿಕವು 1778ರಲ್ಲಿ ಮಕ್ಕಳನ್ನೂ ಕೊಟ್ಟಿರಲಿಲ್ಲ, ಕೋಟೆಯನ್ನೂ ಕೊಟ್ಟಿರಲಿಲ್ಲ; ಕೊಟ್ಟಿದ್ದುದು ಮಾತನ್ನು.

ವಾಷಿಂಗ್ಟನ್ ಜೆಫರ್ಸನ್ನನ ಮತವನ್ನೇ ಹಿಡಿದು ಸಂಧಿಯನ್ನು ಉಳಿಸಿಕೊಂಡನು, ರಾಯಭಾರಿಯನ್ನು ಸ್ವೀಕರಿಸಿದನು. ಆದರೆ ಅಷ್ಟರೊಳಗೆ ಏಪ್ರಿಲ್ 22ರಂದು ಬೇರೊಂದು ಪತ್ರವನ್ನು ಹೊರಡಿಸಿದ್ದನು. ಕಾದುತ್ತಿರುವ ಎಲ್ಲ ರಾಷ್ಟ್ರಗಳ ವಿಷಯದಲ್ಲಿಯೂ ಅಮೆರಿಕವು ಸ್ನೇಹದಿಂದಲೂ ನಿಷ್ಪಕ್ಷಪಾತದಿಂದಲೂ ವರ್ತಿಸುವುದೆಂದು ಅದರಲ್ಲಿ ಸಾರಲಾಗಿತ್ತು. ಕರಡನ್ನು ಬರೆದವನು ಎಡ್ಮಂಡ್ ರಾಂಡಾಲ್ಫ್. ‘ತಾಟಸ್ಥ್ಯ’ ಎಂಬರ್ಥದ ಪದವು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಜೆಫರ್ಸನ್ನನಿಗೆ ಅದು ಬೇಡವಾಗಿತ್ತು. ಆದರೂ ಜನರು ಅದನ್ನು ತಾಟಸ್ಥ್ಯದ ಘೋಷಣೆಯೆಂದೇ ಕರೆದರು, ಚರಿತ್ರೆಯಲ್ಲಿಯೂ ಆ ಹೆಸರೇ ನಿಂತಿತು. ಅರ್ಥಶಾಸ್ತ್ರವು ಸ್ಥಾನ, ಆಸನ, ಉಪೇಕ್ಷಣ ಎಂಬ ಮೂರನ್ನು ಪರ್ಯಾಯಪದಗಳೆಂದು ಹೇಳಿ, ಅವುಗಳ ಸೂಕ್ಷ್ಮಭೇದವನ್ನು ವಿವರಿಸುವಾಗ ತನ್ನ ವೃದ್ಧಿಗಾಗಿ ಸುಮ್ಮನಿರುವುದು ಆಸನವೆನ್ನುತ್ತದೆ. ವಾಷಿಂಗ್ಟನ್ನನದು ಈ ಅರ್ಥದ ಆಸನವೇ. ಉಪೇಕ್ಷೆಯಾಗಿರಲಿಲ್ಲ, ಬೆಳೆಯುವುದಕ್ಕೆ ಕಾಲಾವಕಾಶವನ್ನು ಬೇಡುವ ಎಳೆಯ ರಾಷ್ಟ್ರದ ಕುಳಿತಿರವು ಅದು.

ಫ್ರಾನ್ಸಿನ ರಾಯಭಾರಿಯಾಗಿ ಬಂದ ಎಡ್ಮಂಡ್ ಶಾರ್ಲ್ ಜೆನೆ ಬಹುಭಾಷಾಭಿಜ್ಞ, ಉತ್ಸಾಹಿ, ಅವಿವೇಕಿ. ಇವನ ಸೋದರಿ ರಾಣಿ ಮರಿ ಆಂಟ್ವಾನೆತ್ತಳ ಪರಿವಾರದಲ್ಲಿದ್ದ ಮದಾಂ ಕಾಂಪಾನ್. ಆ ರಾಣಿಯ ಪತಿಯನ್ನು ಕೊಂದ ಗಣರಾಜ್ಯಕ್ಕೆ ಇವನು ದೂತ. ಹನ್ನೊಂದನೆಯ ವಿಧಿಯಂತೆ ದ್ವೀಪಗಳನ್ನು ಕಾಯಬೇಕೆಂದು ಇವನು ಕೇಳಲೇ ಇಲ್ಲ. ಕೇಳಿದ್ದರೆ ವಾಷಿಂಗ್ಟನ್ನನ ಆಸನವು ಕಠಿನ ಪರೀಕ್ಷೆಗೆ ಒಳಗಾಗುತ್ತಿತ್ತು. ಇವನು ಕೈಹಾಕಿದುದು ವಾಣಿಜ್ಯದ ಕರಾರಿಗೆ. ಫ್ರಾನ್ಸಿನ ಶತ್ರುಗಳ ಸನ್ನದಿನ ಹಡಗುಗಳು, ಎಂದರೆ ಪ್ರಭುತ್ವದ ಸನ್ನದನ್ನು ಪಡೆದು ಎದುರಾಳಿಯ ವ್ಯಾಪಾರನೌಕೆಗಳನ್ನು ಹಿಡಿಯುವ ಖಾಸಗಿ ಹಡಗುಗಳು, ಅಮೆರಿಕದ ಬಂದರುಗಳಲ್ಲಿ ಸಜ್ಜಾಗಕೂಡದೆಂದು ಅದರಲ್ಲಿದ್ದಿತು. ಶತ್ರುವಿಗೆ ನಿಷೇಧವಾದುದರಿಂದ ಮಿತ್ರನಿಗೆ ಅನುಜ್ಞೆಯಿದೆಯೆಂದು ಜೆನೆಯ ವಾದ. ಒಬ್ಬನಿಗೆ ನಿಷೇಧಿಸಿದ ಮಾತ್ರಕ್ಕೆ ಇನ್ನೊಬ್ಬನಿಗೆ ವಿಧಿಸಿದಂತಾಗದೆಂಬುದು ಮೀಮಾಂಸೆಯ ಬಾಲಪಾಠವನ್ನು ಓದಿದವನಿಗೂ ಗೊತ್ತು. ಜೆನೆ ಏಪ್ರಿಲ್ 8ರಂದು ಚಾರ್ಲ್ಸ್‌ಟನ್ನಿನಲ್ಲಿ ಇಳಿದವನು ಅಧ್ಯಕ್ಷನನ್ನು ಕಾಣುವುದಕ್ಕೆ ಮೊದಲೇ ಸನ್ನದುಗಳನ್ನು ಹಂಚತೊಡಗಿದ್ದನು. ಜುಲೈ ತಿಂಗಳಿನಲ್ಲಿ, ಸೆರೆಹಿಡಿದು ತಂದ ‘ಲಿಟಲ್ ಸಾರಾ’ ಎಂಬ ಆಂಗ್ಲ ಹಡಗನ್ನು ಫಿಲಡೆಲ್ಫಿಯದಲ್ಲಿಯೇ, ಸರ್ಕಾರದ ಕಣ್ಣಮುಂದೆ, ಫಿರಂಗಿಗಳಿಂದ ಸಜ್ಜುಗೊಳಿಸಿ, ತಡೆದರೂ ಕೇಳದೆ ಸಮುದ್ರಕ್ಕೆ ಬಿಟ್ಟನು; ಅಧ್ಯಕ್ಷನನ್ನು ಮೀರಿ ಜನರಿಗೇ ಮೊರೆಯಿಡುವೆನೆಂದನು. ಜನರೂ ಅವನ ಪರವಾಗಿ ಹುಚ್ಚೆದ್ದಿದ್ದರೆಂಬುದು ಸುಳ್ಳಲ್ಲ. ಫ್ರೆಂಚ್ ಸನ್ನದಿನ ಹಡಗಿನಲ್ಲಿ ಸೇರಿದ ತಪ್ಪಿಗೆ ವಿಚಾರಣೆಗೆ ಗುರಿಯಾದ ಗಿಡಿಯನ್ ಹೆನ್‌ಫೀಲ್ಡ್ ಎಂಬ ನಾವಿಕನನ್ನು ಪಂಚರು ನಿರ್ದೋಷಿಯೆಂದು ಬಿಟ್ಟುಬಿಟ್ಟರು.

ಕಡೆಗೆ ಜೆನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಫ್ರಾನ್ಸಿಗೆ ಬರೆದುದಾಯಿತು. ಅಷ್ಟರಲ್ಲಿ ಅಲ್ಲಿ ಅವನ ಪಕ್ಷದವರ ತಲೆಗಳು ಉರುಳುತ್ತಿದ್ದುವು. ಅವನ ಬದಲಿಗೆ ಬಂದ ಫೋಶೆ ಅವನನ್ನು ಬಂಧಿಸಿ ಕಳುಹಿಸುವ ಆಜ್ಞೆಯನ್ನು ತಂದಿದ್ದನು. ವಾಷಿಂಗ್ಟನ್ ಅವನನ್ನು ಒಪ್ಪಿಸಲಿಲ್ಲ. ತನ್ನನ್ನು ಅಷ್ಟು ಗೋಳಾಡಿಸಿದವನಿಗೆ ಆಶ್ರಯವನ್ನಿತ್ತ ಈ ನಡೆತೆಯು ಅವನ ಘೋಷಣೆಗಿಂತ ಹೆಚ್ಚಿನದೆಂದು ನನ್ನ ಭಾವನೆ. ಜೆನೆಯು ನ್ಯೂಯಾರ್ಕಿನ ರಾಜ್ಯಪಾಲ ಕ್ಲಿಂಟನ್ನನ ಮಗಳನ್ನು ವಿವಾಹವಾಗಿ ಅಲ್ಲಿಯೇ 1834ರವರೆಗೆ ಬದುಕಿದ್ದನು.

ಇತ್ತ ಆಂಗ್ಲೇಯರು ಫ್ರೆಂಚ್ ದ್ವೀಪಗಳೊಡನೆ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಹಡಗುಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿದುದರಿಂದ ಯುದ್ಧವೇ ಸನ್ನಿಹಿತವಾಯಿತು. ಅದನ್ನು ತಪ್ಪಿಸಲು ಮುಖ್ಯ ನ್ಯಾಯಾಧೀಶನಾದ ಜಾನ್ ಜೇ ಲಂಡನ್ನಿಗೆ ಹೋಗಿ 1794ನೆಯ ನವೆಂಬರ್ 19ರಂದು ಮಾಡಿಕೊಂಡ ಒಪ್ಪಂದವು ಇನ್ನೊಂದು ಗ್ರಂಥಕ್ಕೆ ವಸ್ತು. ಅದರ ಹದಿಮೂರನೆಯ ವಿಧಿಯು ಭಾರತದ ಬ್ರಿಟಿಷ್ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ತೆರೆಯಿತೆಂಬುದನ್ನು ಮಾತ್ರ ಸೂಚಿಸಿ ಮುಂದುವರಿಯುತ್ತೇನೆ. ಸೆನೆಟ್ ಸಭೆಯು ಅದನ್ನು 20ಕ್ಕೆ 10 ಮತಗಳಿಂದ, ಸರಿಯಾಗಿ ಬೇಕಾದಷ್ಟರಿಂದಲೇ, ಒಪ್ಪಿತು. ಪ್ರತಿನಿಧಿ ಸಭೆಯು ಅದಕ್ಕೆ ಬೇಕಾದ ಹಣವನ್ನು 1796ನೆಯ ಏಪ್ರಿಲ್ 30ರಂದು 51ಕ್ಕೆ 48 ಮತಗಳಿಂದ ಮಂಜೂರು ಮಾಡಿತು. ಹಿಂದಿನ ಸಂಧಿಗಳಿಗೆ ಇದರಿಂದ ಬಾಧೆಯಿಲ್ಲವೆಂದು ಅದರಲ್ಲಿಯೂ ಒಂದು ಮಾತಿದೆ. ಮತ್ತೆ ಅಕ್ಷರವು ಉಳಿಯಿತು. ಆದರೆ ಅಮೆರಿಕದ ಹಡಗಿನಲ್ಲಿರುವ ಫ್ರೆಂಚರ ಸರಕನ್ನು ಆಂಗ್ಲೇಯರು ಹಿಡಿಯಬಹುದೆಂದು ಒಪ್ಪಿಕೊಂಡುದರಿಂದ, ಹಡಗು ತಟಸ್ಥವಾದರೆ ಸರಕೂ ಅಸ್ಪೃಷ್ಟವೆಂದು 1778ರಲ್ಲಿ ಫ್ರಾನ್ಸಿಗೆ ಕೊಟ್ಟ ಮಾತು ಏಕಪಕ್ಷೀಯವಾಯಿತು: ಆಂಗ್ಲೇಯರ ಸರಕಿಗೆ ಅಮೆರಿಕದ ಹಡಗಿನಲ್ಲಿ ಅಭಯ, ಫ್ರೆಂಚರ ಸರಕಿಗೆ ಇಲ್ಲ.

ಫ್ರೆಂಚರ ಕೋಪಕ್ಕೆ ಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕೋಪವನ್ನು ತೀರಿಸಿಕೊಂಡ ರೀತಿಯು ದರೋಡೆಯಂತಿತ್ತು. 1797ನೆಯ ಮಾರ್ಚಿಯ ನಿರೂಪದಿಂದ, ನಾವಿಕರ ಪಟ್ಟಿಯು ಫ್ರೆಂಚರು ಹೇಳಿದ ನಮೂನೆಯಲ್ಲಿಲ್ಲವೆಂಬ ಕಾರಣಕ್ಕೇ ಅಮೆರಿಕದ ಹಡಗು ಸೆರೆಗೆ ಯೋಗ್ಯವಾಯಿತು. ಒಂದು ವರ್ಷವೂ ತುಂಬದ ಅವಧಿಯಲ್ಲಿ ಮುನ್ನೂರಕ್ಕೂ ಹೆಚ್ಚು ಹಡಗುಗಳು ಹೋದುವೆಂದು ಆ ಜೂನ್ ತಿಂಗಳಿನಲ್ಲಿ ಪರರಾಷ್ಟ್ರಸಚಿವ ಪಿಕರಿಂಗ್ ವರದಿ ಮಾಡಿದನು. ಹೊಸ ಅಧ್ಯಕ್ಷ ಜಾನ್ ಆಡಮ್ಸ್ ಕಳುಹಿಸಿದ ಮೂವರು ದೂತರಿಂದ ಮಂತ್ರಿ ತಾಲೇರಾನನ ಮಧ್ಯಸ್ಥರು ಲಂಚವನ್ನೂ ರಾಷ್ಟ್ರಕ್ಕೆ ದೊಡ್ಡ ಸಾಲವನ್ನೂ ಕೇಳಿದರು. 1798ನೆಯ ಏಪ್ರಿಲಿನಲ್ಲಿ ಕಾಗದಪತ್ರಗಳು ಪ್ರಕಟವಾದಾಗ ಆ ಮಧ್ಯಸ್ಥರ ಹೆಸರುಗಳಿಗೆ ಬದಲಾಗಿ ಆಂಗ್ಲ ವರ್ಣಮಾಲೆಯ ಕೊನೆಯ ಅಕ್ಷರಗಳನ್ನು ಹಾಕಿದ್ದುದರಿಂದ ಆ ಪ್ರಕರಣಕ್ಕೆ ಎಕ್ಸ್-ವೈ-ಝೆಡ್ ಎಂಬ ಹೆಸರೇ ಬಂದಿತು. ದೇಶವು ಉರಿದೆದ್ದಿತು. ಘೋಷಣೆಯಿಲ್ಲದ ಸಮುದ್ರಯುದ್ಧವು ಎರಡು ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಜುಲೈ 7ರಂದು ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡಿ, ಫ್ರಾನ್ಸು ಪದೇ ಪದೇ ಮುರಿದುದರಿಂದ ಅದರೊಡನೆ ಮಾಡಿಕೊಂಡ ಸಂಧಿಗಳು ಇನ್ನು ಅಮೆರಿಕಕ್ಕೆ ಬಂಧಕವಲ್ಲವೆಂದು ಸಾರಿತು. ದೊರೆಯ ಮರಣದಿಂದ ಸಾಯದಿದ್ದ ಸಂಧಿಗೆ ಐದು ವರ್ಷಗಳ ಮೇಲೆ ಶಾಸನದಿಂದ ಮರಣವಿಧಿಯಾಯಿತು.

ಆದರೆ ಇಬ್ಬರು ಸೇರಿ ಕಟ್ಟಿದ ಗಂಟನ್ನು ಒಬ್ಬನೇ ಬಿಚ್ಚಬಹುದೇ? ಫ್ರೆಂಚರು ಈ ಪ್ರಶ್ನೆಯನ್ನು 1800ರಲ್ಲಿ ಸಂಧಾನಕ್ಕೆ ಹೋದ ಎಲ್ಸ್‌ವರ್ತ್, ಡೇವಿ, ಮರ್ರೆ ಎಂಬ ದೂತರ ಮುಂದಿಟ್ಟರು. ಸೆರೆಯಾದ ಹಡಗುಗಳಿಗೆ ಪರಿಹಾರ ಬೇಕು, ಹಳೆಯ ಸಂಧಿಯು ಬೇಡ ಎಂದು ಅಮೆರಿಕದವರ ಕೋರಿಕೆ. ನೆಪೋಲಿಯನ್ ಬೋನಪಾರ್ಟನ ಅಣ್ಣ ಜೋಸೆಫನು ಮುಖ್ಯನಾಗಿದ್ದ ಫ್ರೆಂಚ್ ಪಕ್ಷದವರ ಉತ್ತರವು ಹೀಗೆ: ಸಂಧಿಯು ಜೀವಂತವಾಗಿದ್ದರೆ ಅದನ್ನು ನೀವು ನಡೆಯಿಸಬೇಕು, ಆಗ ಪರಿಹಾರವನ್ನು ನಾವು ಕೊಡುತ್ತೇವೆ, ಸಂಧಿಯು ಯುದ್ಧದಿಂದ ಸತ್ತಿದೆಯೆಂದರೆ, ಯುದ್ಧದಲ್ಲಿ ಹಿಡಿದ ಹಡಗಿಗೆ ಪರಿಹಾರವೆಲ್ಲಿಯದು? ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಉಭಯತಃಪಾಶಾರಜ್ಜು ಎಂದು ಹೆಸರು. ಎಳೆದ ಕಡೆಯಲ್ಲೆಲ್ಲ ಕುಣಿಕೆ.

ಸೆಪ್ಟೆಂಬರ್ 30ರ ಒಪ್ಪಂದದಲ್ಲಿ, ಇವೆರಡರ ವಿಷಯದಲ್ಲಿ ಈಗ ಏಕಾಭಿಪ್ರಾಯವಾಗಲಿಲ್ಲ, ಮುಂದೆ ವಿಚಾರಿಸತಕ್ಕದ್ದು, ಅಲ್ಲಿಯವರೆಗೆ ಹಳೆಯ ಸಂಧಿಗಳು ನಡೆಯತಕ್ಕದ್ದಲ್ಲ ಎಂದು ಎರಡನೆಯ ವಿಧಿಯನ್ನು ಬರೆದರು. ಅಮೆರಿಕದ ಸೆನೆಟ್ ಸಭೆಯು ಆ ವಿಧಿಯನ್ನೇ ಹೊಡೆದುಹಾಕಿ ಒಪ್ಪಂದವನ್ನು ಒಪ್ಪಿತು. ಬೋನಪಾರ್ಟನು ಇದರ ಒಳಗನ್ನು ಕ್ಷಣದಲ್ಲಿ ಕಂಡುಕೊಂಡನು. ವಿಧಿಯು ಹೋಗಲಿ, ಆದರೆ ಆ ವಿಧಿಗೆ ವಿಷಯವಾಗಿದ್ದ ಹಕ್ಕುಗಳನ್ನು ಉಭಯರೂ ಬಿಟ್ಟುಕೊಟ್ಟಂತೆ ತಿಳಿಯತಕ್ಕದ್ದು ಎಂಬ ಒಂದು ವಾಕ್ಯವನ್ನು ಸೇರಿಸಿ 1801ನೆಯ ಜುಲೈ 31ರಂದು ಅಂಗೀಕರಿಸಿದನು. ಫ್ರಾನ್ಸು ಸಂಧಿಯನ್ನು ಬಿಟ್ಟಿತು; ಅಮೆರಿಕವು ಪರಿಹಾರವನ್ನು ಬಿಟ್ಟಿತು. ಡಿಸೆಂಬರಿನಲ್ಲಿ ಸೆನೆಟ್ಟು ಇದನ್ನೂ ಒಪ್ಪಿಕೊಂಡಿತು. ಶಾಶ್ವತ ಸಂಧಿಯ ಅಂತ್ಯವನ್ನು ಘೋಷಿಸುವ ಭಾಗ್ಯವು ಆಗ ಅಧ್ಯಕ್ಷನಾಗಿದ್ದವನಿಗೆ ಬಂದಿತು. ಅವನು ಬೇರೆ ಯಾರೂ ಅಲ್ಲ, 1793ರಲ್ಲಿ ನಾಲ್ಕು ಕಂಬಗಳನ್ನು ಬರೆದು ಅದನ್ನು ಉಳಿಸಿದ ಜೆಫರ್ಸನ್ನನೇ.

ರಾಷ್ಟ್ರವು ಬಿಡುಗಡೆಯನ್ನು ಕೊಂಡುಕೊಂಡಿತು, ಸರಿ. ಕ್ರಯವನ್ನು ತೆತ್ತವರು ಯಾರು? ಬಿಟ್ಟುಕೊಟ್ಟ ಪರಿಹಾರವು ರಾಷ್ಟ್ರದ ಸ್ವತ್ತಾಗಿರಲಿಲ್ಲ; ಹಡಗನ್ನೂ ಸರಕನ್ನೂ ಕಳೆದುಕೊಂಡ ವ್ಯಾಪಾರಿಗಳದು, ವಿಮೆಗಾರರದು. ಪರರ ಸೊತ್ತನ್ನು ಕೊಟ್ಟು ತನ್ನ ಋಣವನ್ನು ತೀರಿಸಿಕೊಂಡವನು ಆ ಪರನಿಗೆ ಋಣಿಯಾಗುತ್ತಾನೆಂಬುದರಲ್ಲಿ ಯಾವ ಧರ್ಮಶಾಸ್ತ್ರಕ್ಕೂ ಸಂದೇಹವಿರಲಾರದು. ಆ ವ್ಯಾಪಾರಿಗಳೂ ಅವರ ಮಕ್ಕಳೂ ಕಾಂಗ್ರೆಸ್ಸಿಗೆ ಅರ್ಜಿಗಳನ್ನು ಹಾಕುತ್ತಲೇ ಹೋದರು. ಎರಡು ಬಾರಿ ಎರಡು ಸಭೆಗಳೂ ಮಸೂದೆಯನ್ನು ಒಪ್ಪಿದುವು. 1846ರಲ್ಲಿ ಅಧ್ಯಕ್ಷ ಪೋಕ್, 1855ರಲ್ಲಿ ಅಧ್ಯಕ್ಷ ಪಿಯರ್ಸ್ ನಿರಾಕರಿಸಿದರು. 1885ನೆಯ ಜನವರಿ 20ರ ಶಾಸನದಿಂದ ಈ ವ್ಯವಹಾರಗಳು ಹಕ್ಕುಗಳ ನ್ಯಾಯಾಲಯದ ಮುಂದೆ ಬಂದುವು. ಮರುವರ್ಷ ಗ್ರೇ ಎಂಬ ವಾದಿಯ ಮೊಕದ್ದಮೆಯಲ್ಲಿ ಆ ನ್ಯಾಯಾಲಯವು, ಫ್ರಾನ್ಸಿನ ಮೇಲೆ ಈ ಹಕ್ಕುಗಳು ನ್ಯಾಯವಾದುವುಗಳೇ, ಹನ್ನೊಂದನೆಯ ವಿಧಿಯೇ ಮೊದಲಾದ ಹೊಣೆಗಳಿಂದ ಬಿಡುಗಡೆ ಪಡೆಯುವುದಕ್ಕಾಗಿ ರಾಷ್ಟ್ರವು ಅವನ್ನು ವಿನಿಯೋಗಿಸಿಕೊಂಡಿದೆ, ಆದುದರಿಂದ ರಾಷ್ಟ್ರವೇ ಹೊಣೆ ಎಂದು ನಿರ್ಣಯಿಸಿತು. 1891ರಲ್ಲಿ ಕಾಂಗ್ರೆಸ್ಸು ಈ ಬಾಬ್ತಿಗೆ ಹಣವನ್ನು ಮಂಜೂರು ಮಾಡಿತು. ಹಡಗುಗಳನ್ನು ಕಳೆದುಕೊಂಡವರಲ್ಲಿ ಆಗ ಬದುಕಿದ್ದವರು ಯಾರೂ ಇರಲಿಲ್ಲ. ಸರಕಿನ ಹಳೆಯ ಪಟ್ಟಿಗಳನ್ನು ಹಿಡಿದು ಬಂದವರು ಅವರ ವಂಶಜರೂ ಆಸ್ತಿಯ ಮೇಲ್ವಿಚಾರಕರೂ ಆಗಿದ್ದರು.